ಸ್ಲೇಟು ಒರೆಸುವ ಕೆಲಸ: ಡೇಟಾಬೇಸ್ ಟೆಸ್ಟುಗಳು ವೇಗ ಪಡೆದ ಕಥೆ

ಇವತ್ತಿನ ಬರಹ ಸ್ವಲ್ಪ ಒಣ ವಿಷಯದ್ದು. ತಂತ್ರಾಂಶ ಬರೆಯುವವರ ಟೆಸ್ಟುಗಳು, ಅದರಲ್ಲೂ ಡೇಟಾಬೇಸನ್ನು ಮುಟ್ಟುವ ಟೆಸ್ಟುಗಳು, ಆಮೆಯ ನಡಿಗೆಯಿಂದ ಓಟಕ್ಕೆ ಬಂದ ಇತಿಹಾಸ. ಕವಿತೆ, ಪ್ರವಾಸ ಕಥನ ಓದಲು ಬಂದ ಮಿತ್ರರು ದಯವಿಟ್ಟು ಓಡಿಹೋಗಬೇಡಿ :-) ಇದರಲ್ಲೂ ಮನುಷ್ಯರಿದ್ದಾರೆ. ಒಂದು ಸಣ್ಣ ಊರಿನ ಪತ್ರಿಕೆ ಇದೆ, ಸಮುದ್ರದಲ್ಲಿ ಕಾಣೆಯಾದ ಒಬ್ಬ ದೊಡ್ಡ ಮನುಷ್ಯ ಇದ್ದಾರೆ, ನಡುವೆ ನಮ್ಮ ಕನ್ನಡದ ‘ಳ’ ಕೂಡ ಬಂದು ತಕರಾರು ಮಾಡುತ್ತದೆ.

ಗಣಕದ ಕೆಲಸ ಮಾಡದವರಿಗೆ ಎರಡು ಮಾತು. ಡೇಟಾಬೇಸ್ ಅಂದರೆ ಒಂದು ದೊಡ್ಡ ಉಗ್ರಾಣ ಅಂದುಕೊಳ್ಳಿ. ಉಗ್ರಾಣದ ಬಾಗಿಲಲ್ಲಿ ಕೂತಿರುವವನಿಗೆ ಎಸ್‌ಕ್ಯೂಎಲ್ ಅನ್ನುವ ಒಂದೇ ಭಾಷೆ ಬರುತ್ತದೆ. ಪ್ರೋಗ್ರಾಂ ಬರೆಯುವವರು ಪೈಥಾನ್‌ನಲ್ಲೋ ರೂಬಿಯಲ್ಲೋ ಜಾವಾದಲ್ಲೋ ಯೋಚಿಸುತ್ತಾರೆ. ನಡುವೆ ಒಬ್ಬ ದುಭಾಷಿ ಬೇಕು. ‘ಹೋದ ವಾರ ಬರೆದ ಲೇಖನಗಳನ್ನು ಕೊಡು’ ಅಂತ ಪೈಥಾನ್‌ನಲ್ಲಿ ಕೇಳಿದರೆ ಅದನ್ನು ಎಸ್‌ಕ್ಯೂಎಲ್‌ಗೆ ತಿರುಗಿಸಿ, ಉಗ್ರಾಣದವನು ಕೊಟ್ಟದ್ದನ್ನು ಮತ್ತೆ ಪೈಥಾನ್‌ಗೆ ತಿರುಗಿಸಿ ಕೈಗಿಡುವವನು. ಈ ದುಭಾಷಿಯೇ ಕ್ವೆರಿ ಲೈಬ್ರರಿ. ಪೈಥಾನ್ ಲೋಕದಲ್ಲಿ ಜಾಂಗೊ, ಎಸ್‌ಕ್ಯೂಎಲ್ ಆಲ್ಕೆಮಿ, ರೂಬಿಯಲ್ಲಿ ಆಕ್ಟಿವ್ ರೆಕಾರ್ಡ್, ಜಾವಾದಲ್ಲಿ ಹೈಬರ್ನೇಟ್, ಎಲ್ಲ ಇದೇ ಕುಲದವು.

ದುಭಾಷಿ ತಪ್ಪು ಹೇಳಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ‘ಈ ಗಿರಾಕಿಯ ಹಳೆಯ ಬಿಲ್ಲು ಅಳಿಸು’ ಅಂದದ್ದು ‘ಎಲ್ಲ ಬಿಲ್ಲು ಅಳಿಸು’ ಅಂತಾದರೆ ಮುಗಿಯಿತು ಕಥೆ. ಅದಕ್ಕೇ ಇಂಥ ಲೈಬ್ರರಿ ಬರೆಯುವವರು ಸಾವಿರಾರು ಪುಟ್ಟ ಪುಟ್ಟ ಟೆಸ್ಟುಗಳನ್ನು ಬರೆದಿಡುತ್ತಾರೆ. ಒಂದೊಂದು ಟೆಸ್ಟೂ ಉಗ್ರಾಣದಲ್ಲಿ ನಾಲ್ಕು ಸಾಮಾನು ಇಟ್ಟು, ಒಂದು ಪ್ರಶ್ನೆ ಕೇಳಿ, ಸರಿಯಾದ ಉತ್ತರ ಬಂತಾ ಅಂತ ನೋಡುತ್ತದೆ. ಕೋಡಿನಲ್ಲಿ ಒಂದು ಸಾಲು ಬದಲಾದರೂ ಎಲ್ಲ ಟೆಸ್ಟುಗಳನ್ನೂ ಮತ್ತೆ ಓಡಿಸಬೇಕು.

ತೊಂದರೆ ಇರುವುದು ಇಲ್ಲೇ. ಮೊದಲನೆಯ ಟೆಸ್ಟು ಇಟ್ಟ ನಾಲ್ಕು ಸಾಮಾನು ಅಲ್ಲೇ ಉಳಿದರೆ ಎರಡನೆಯ ಟೆಸ್ಟಿಗೆ ನಾಲ್ಕರ ಬದಲು ಎಂಟು ಕಾಣುತ್ತದೆ. ಆದ್ದರಿಂದ ಪ್ರತಿ ಟೆಸ್ಟಿಗೂ ಉಗ್ರಾಣ ಖಾಲಿಯಾಗಿರಬೇಕು. ಒಂದನೇ ಕ್ಲಾಸಿನ ಸ್ಲೇಟು ನೆನಪಿದೆಯಲ್ಲ? ಒಂದು ಲೆಕ್ಕ ಬರೆಯುವುದು ಕ್ಷಣದ ಕೆಲಸ. ಒರೆಸಿ, ಒಣಗಿಸಿ, ಮುಂದಿನ ಲೆಕ್ಕಕ್ಕೆ ತಯಾರು ಮಾಡುವುದೇ ಹೊತ್ತು ತಿನ್ನುವ ಕೆಲಸ. ಡೇಟಾಬೇಸ್ ಟೆಸ್ಟುಗಳ ಇತಿಹಾಸ ಅಂದರೆ ಬಹುಪಾಲು ಈ ಸ್ಲೇಟು ಒರೆಸುವ ಕೆಲಸದ ಇತಿಹಾಸವೇ.

ಬೇಕಾದಷ್ಟು ಉದಾಹರಣೆ ಇದ್ದರೂ ನಾನು ಜಾಂಗೊ ಹಿಡಿಯುತ್ತೇನೆ, ಏಕೆಂದರೆ ಅವರು ಪ್ರತಿ ಆವೃತ್ತಿಯಲ್ಲೂ ಏನು ಬದಲಾಯಿತು, ಏಕೆ ಬದಲಾಯಿತು ಅಂತ ಚೆನ್ನಾಗಿ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಶಾಸನ ಓದುವವರಿಗೆ ಸಿಗುವ ಸುಖ ಇದರಲ್ಲೂ ಸಿಗುತ್ತದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಅಂತ ಒಂದು ಪತ್ರಿಕೆ. 2003ರಲ್ಲಿ ಅದರ ಜಾಲತಾಣ ನೋಡಿಕೊಳ್ಳುತ್ತಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬ ಇಬ್ಬರು ತಮ್ಮ ಅವಸರದ ಕೆಲಸಗಳಿಗಾಗಿ ಒಂದು ಚೌಕಟ್ಟು ಕಟ್ಟಿಕೊಂಡರು. ಪತ್ರಿಕೆಯ ಕೆಲಸ ಅಂದಮೇಲೆ ಎಲ್ಲ ಇವತ್ತೇ ಆಗಬೇಕು. 2005ರ ಜುಲೈನಲ್ಲಿ ಅದನ್ನು ಮುಕ್ತವಾಗಿ ಬಿಡುಗಡೆ ಮಾಡಿದರು. ಹೆಸರು ಜಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದ್ದು. ಎಡಗೈಯ ಎರಡು ಬೆರಳು ಸ್ವಾಧೀನ ತಪ್ಪಿದ್ದರೂ ಎಲ್ಲರಿಗಿಂತ ಚುರುಕಾಗಿ ನುಡಿಸುತ್ತಿದ್ದವನು. ಟೆಸ್ಟುಗಳ ವಿಷಯದಲ್ಲಿ ಮಾತ್ರ ಬಹಳ ದಿನ ಆ ಹೆಸರಿನ ಚುರುಕು ಬರಲಿಲ್ಲ.

2007ರ ಮಾರ್ಚ್‌ನಲ್ಲಿ ಬಂದ 0.96 ಆವೃತ್ತಿಯಲ್ಲಿ ಜಾಂಗೊ ಬಳಸುವವರಿಗೆಲ್ಲ ಟೆಸ್ಟ್ ಬರೆಯುವ ಸೌಲಭ್ಯ ಸಿಕ್ಕಿತು. ಆಗಿನ ಪದ್ಧತಿ ನಿಜವಾದ ಸ್ಲೇಟಿನದ್ದೇ. ಪ್ರತಿ ಟೆಸ್ಟಿಗೂ ಎಲ್ಲ ಟೇಬಲ್‌ಗಳನ್ನು ಪೂರ್ತಿ ಖಾಲಿ ಮಾಡು, ಆರಂಭದಲ್ಲಿ ಇರಲೇಬೇಕಾದ ದತ್ತಾಂಶ ಮತ್ತೆ ತುಂಬು, ಟೆಸ್ಟಿಗೆ ಬೇಕಾದ ಫಿಕ್ಸ್ಚರ್ ಫೈಲನ್ನು ಓದಿ ಒಂದೊಂದೇ ಸಾಲು ಸೇರಿಸು, ಆಮೇಲೆ ಟೆಸ್ಟ್ ಓಡಿಸು. ಈ ಖಾಲಿ ಮಾಡುವ ಕೆಲಸಕ್ಕೆ ಅವರಿಟ್ಟ ಹೆಸರು ಫ್ಲಶ್. ಟೆಸ್ಟು ಎರಡೇ ಸಾಲು ಬರೆದಿದ್ದರೂ ಐವತ್ತು ಟೇಬಲ್ ತೊಳೆಯಬೇಕು. ಇಬ್ಬರು ಊಟ ಮಾಡಿದ್ದಕ್ಕೆ ಮದುವೆ ಛತ್ರ ಪೂರ್ತಿ ತೊಳೆದ ಹಾಗೆ.

ಏಕೆ ನಿಧಾನ ಅನ್ನುವುದಕ್ಕೆ ಕಾರಣ ಕೋಡಿನಲ್ಲಿಲ್ಲ, ತಿರುಗುವ ತಟ್ಟೆಯಲ್ಲಿದೆ. ಡೇಟಾಬೇಸ್ ಒಂದು ಬದಲಾವಣೆಯನ್ನು ‘ಖಾಯಂ’ ಅಂತ ಒಪ್ಪಿಕೊಳ್ಳುವುದಕ್ಕೆ ಕಮಿಟ್ ಅನ್ನುತ್ತಾರೆ. ಕಮಿಟ್ ಆಯಿತು ಅಂದರೆ ಮರುಕ್ಷಣ ಕರೆಂಟು ಹೋದರೂ ಆ ಬರಹ ಉಳಿಯಬೇಕು. ಹಾಗಾಗಿ ಅದು ನಿಜವಾಗಿಯೂ ಡಿಸ್ಕಿನ ಮೇಲೆ ಬಿತ್ತು ಅಂತ ಖಾತ್ರಿಯಾಗುವವರೆಗೆ ಕಾಯುತ್ತದೆ. ಆ ಕಾಲದ ಸಾಮಾನ್ಯ ಹಾರ್ಡ್ ಡಿಸ್ಕು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತಿತ್ತು. ಬರೆಯಬೇಕಾದ ಜಾಗ ಮುಳ್ಳಿನ ಕೆಳಗೆ ಬರುವವರೆಗೆ ಕಾಯದೆ ವಿಧಿಯಿಲ್ಲ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಕರ್ತೃಗಳು ಇದನ್ನು ತಮ್ಮ ಪ್ರಶ್ನೋತ್ತರ ಪುಟದಲ್ಲಿ ಚೆನ್ನಾಗಿ ವಿವರಿಸಿದ್ದಾರೆ. ಸಾಧಾರಣ ಗಣಕದಲ್ಲಿ ಸೆಕೆಂಡಿಗೆ 50,000 ಸಾಲು ಸೇರಿಸಬಹುದು, ಆದರೆ ಅಂಥ ಡಿಸ್ಕಿನಲ್ಲಿ ಕಮಿಟ್ ಮಾತ್ರ ಸೆಕೆಂಡಿಗೆ 60ರ ಆಸುಪಾಸು. ಎಂಥ ಅಂತರ ನೋಡಿ! ಬರೆಯುವುದು ಅಗ್ಗ, ‘ಬರೆದದ್ದು ಖಾಯಂ’ ಅಂತ ಮಾತು ಕೊಡುವುದು ತುಟ್ಟಿ.

ಇನ್ನು ಲೆಕ್ಕ ಹಾಕಿ. ತೊಳೆದು ತುಂಬುವುದಕ್ಕೆ ಅರ್ಧ ಸೆಕೆಂಡ್ ಅಂತ ಹಿಡಿದರೂ ಸಾವಿರ ಟೆಸ್ಟಿಗೆ ಎಂಟು ನಿಮಿಷ ಮೀರುತ್ತದೆ. ಎಂಟು ನಿಮಿಷದಲ್ಲಿ ಮನುಷ್ಯ ಏನು ಮಾಡುತ್ತಾನೆ? ಕಾಫಿಗೆ ಎದ್ದು ಹೋಗುತ್ತಾನೆ, ಬ್ಲಾಗು ಓದುತ್ತಾನೆ (ಇದು ಒಳ್ಳೆಯದೇ ಬಿಡಿ), ವಾಪಸ್ ಬರುವ ಹೊತ್ತಿಗೆ ಏನು ಬದಲಿಸಿದ್ದೆ ಅನ್ನುವುದೇ ಮರೆತಿರುತ್ತದೆ. ನಾಲ್ಕು ಸಲ ಹೀಗಾದ ಮೇಲೆ ಟೆಸ್ಟ್ ಓಡಿಸುವುದನ್ನೇ ಬಿಡುತ್ತಾನೆ. ಓಡಿಸದ ಟೆಸ್ಟು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಸ್ಮಾಲ್‌ಟಾಕ್‌ಗೆ ಟೆಸ್ಟ್ ಚೌಕಟ್ಟು ಬರೆದ ಕೆಂಟ್ ಬೆಕ್, 1997ರಲ್ಲಿ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಎರಿಕ್ ಗಾಮಾ ಜೊತೆ ಕೂತು ಜೆಯುನಿಟ್ ಬರೆದಾಗ ಅವರಿಗಿದ್ದ ಕಲ್ಪನೆ ಬೇರೆ. ಟೆಸ್ಟು ಅಂದರೆ ಪ್ರತಿ ನಾಲ್ಕು ಸಾಲಿಗೊಮ್ಮೆ ಓಡಿಸುವಂಥದ್ದು. 2004ರಲ್ಲಿ ಮೈಕೆಲ್ ಫೆದರ್ಸ್ ಹಳೆಯ ಕೋಡನ್ನು ಪಳಗಿಸುವ ಬಗ್ಗೆ ಬರೆದ ಪುಸ್ತಕದಲ್ಲಿ ಇನ್ನೂ ಕಟ್ಟುನಿಟ್ಟು. ಒಂದು ಯುನಿಟ್ ಟೆಸ್ಟಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ ಅದು ನಿಧಾನದ ಟೆಸ್ಟು. ಡೇಟಾಬೇಸನ್ನು ಮುಟ್ಟಿದರೆ ಅದು ಯುನಿಟ್ ಟೆಸ್ಟೇ ಅಲ್ಲ ಅನ್ನುವುದೂ ಅವರ ಮಡಿ.

ಮಡಿ ಸರಿ, ಆದರೆ ದುಭಾಷಿಯ ಕೆಲಸವೇ ಡೇಟಾಬೇಸನ್ನು ಮುಟ್ಟುವುದು! ಅಡುಗೆಯವನನ್ನು ಒಲೆ ಮುಟ್ಟದೆ ಪರೀಕ್ಷೆ ಮಾಡುವುದು ಹೇಗೆ? ಅರ್ಧ ದಾರಿಯ ಉಪಾಯ ಒಂದಿದೆ. 2006ರಲ್ಲಿ ಮೈಕ್ ಬೇಯರ್ ಹೊರತಂದ ಎಸ್‌ಕ್ಯೂಎಲ್ ಆಲ್ಕೆಮಿಯಲ್ಲಿ ಬಹಳಷ್ಟು ಟೆಸ್ಟುಗಳು ಡೇಟಾಬೇಸಿಗೆ ಹೋಗುವುದೇ ಇಲ್ಲ. ಪೈಥಾನ್ ಪ್ರಶ್ನೆ ಕೊಟ್ಟಾಗ ಹೊರಬಂದ ಎಸ್‌ಕ್ಯೂಎಲ್ ವಾಕ್ಯ ಅಕ್ಷರ ಅಕ್ಷರ ಸರಿಯಿದೆಯಾ ಅಂತ ಹೋಲಿಸಿ ನೋಡಿ ಸುಮ್ಮನಾಗುತ್ತವೆ. ಮಿಂಚಿನ ವೇಗ, ಒರೆಸುವ ಮಾತೇ ಇಲ್ಲ. ಆದರೆ ವಾಕ್ಯ ನಾವಂದುಕೊಂಡಂತೆ ಇದೆ ಅನ್ನುವುದು ಬೇರೆ, ಆ ವಾಕ್ಯ ಉಗ್ರಾಣದವನಿಗೆ ಅರ್ಥವಾಗುತ್ತದೆ ಅನ್ನುವುದು ಬೇರೆ. ಆದ್ದರಿಂದ ಅವರೂ ಇನ್ನೊಂದಿಷ್ಟು ಟೆಸ್ಟುಗಳನ್ನು ನಿಜವಾದ ಡೇಟಾಬೇಸಿನ ಮೇಲೆಯೇ ಓಡಿಸಬೇಕು. ಸ್ಲೇಟು ಒರೆಸುವುದು ತಪ್ಪಲಿಲ್ಲ.

ಬಿಡುಗಡೆ ಬಂದದ್ದು ಎಲ್ಲಿಂದ ಅಂದರೆ, ಬ್ಯಾಂಕಿನವರ ಭಯದಿಂದ.

1970ರ ದಶಕದಲ್ಲಿ ಐಬಿಎಂನ ಸ್ಯಾನ್ ಹೋಸೆ ಸಂಶೋಧನಾಲಯದಲ್ಲಿ ಸಿಸ್ಟಂ ಆರ್ ಎಂಬ ಡೇಟಾಬೇಸ್ ಕಟ್ಟುತ್ತಿದ್ದರು. ಅಲ್ಲಿದ್ದ ಜಿಮ್ ಗ್ರೇ ಎಂಬುವರು ತಲೆಕೆಡಿಸಿಕೊಂಡ ಪ್ರಶ್ನೆ ಇದು: ನನ್ನ ಖಾತೆಯಿಂದ ನೂರು ರೂಪಾಯಿ ಕಳೆದಾಗಿದೆ, ನಿಮ್ಮ ಖಾತೆಗೆ ಸೇರಿಸುವ ಮುಂಚೆ ಯಂತ್ರ ನಿಂತುಹೋಯಿತು. ಆ ನೂರು ಎಲ್ಲಿ ಹೋಯಿತು? ಉತ್ತರ, ಎರಡೂ ಕೆಲಸ ಒಂದೇ ಗಂಟಿನಲ್ಲಿ ಕಟ್ಟು. ಆದರೆ ಎರಡೂ ಆಗಲಿ, ಇಲ್ಲವಾದರೆ ಏನೂ ಆಗಿಲ್ಲ ಅನ್ನುವಂತೆ ಹಿಂದಕ್ಕೆ ಹೋಗಲಿ. ಆ ಗಂಟಿಗೆ ಟ್ರಾನ್ಸಾಕ್ಷನ್, ಹಿಂದಕ್ಕೆ ಹೋಗುವುದಕ್ಕೆ ರೋಲ್‌ಬ್ಯಾಕ್. 1981ರಲ್ಲಿ ಅವರು ಈ ಕಲ್ಪನೆಯ ಬಗ್ಗೆ ಬರೆದ ಪ್ರಬಂಧ ಇಂದಿಗೂ ಓದಬಹುದಾದಷ್ಟು ಸರಳವಾಗಿದೆ. 1998ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರ ಜನವರಿ 28ರಂದು ತಾಯಿಯ ಅಸ್ಥಿ ವಿಸರ್ಜಿಸಲು ಸ್ಯಾನ್ ಫ್ರಾನ್ಸಿಸ್ಕೊದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೋದವರು ಮರಳಲಿಲ್ಲ. ಗೆಳೆಯರು ಉಪಗ್ರಹದ ಚಿತ್ರಗಳನ್ನು ತುಂಡು ತುಂಡು ಮಾಡಿ ಸಾವಿರಾರು ಜನರಿಗೆ ಅಂತರ್ಜಾಲದಲ್ಲಿ ಹಂಚಿ ಹುಡುಕಿಸಿದರು. ದೋಣಿಯೂ ಸಿಗಲಿಲ್ಲ. ಡೇಟಾಬೇಸಿನಲ್ಲಿ ಏನೂ ಕಳೆದುಹೋಗದ ಹಾಗೆ ನೋಡಿಕೊಳ್ಳುವ ದಾರಿ ಕಂಡುಹಿಡಿದವರ ಗತಿ ಹೀಗಾಯಿತಲ್ಲ ಅಂತ ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ರೋಲ್‌ಬ್ಯಾಕ್ ಅನ್ನುವುದು ಅವಘಡಕ್ಕಾಗಿ ಇಟ್ಟ ಬಾಗಿಲು. ಟೆಸ್ಟ್ ಬರೆಯುವವರಿಗೆ ಹೊಳೆದದ್ದು, ದಿನಾ ಅದೇ ಬಾಗಿಲಲ್ಲಿ ಓಡಾಡಿದರೆ ಏನು? ಟೆಸ್ಟ್ ಶುರುವಾಗುವ ಮುಂಚೆ ಒಂದು ಟ್ರಾನ್ಸಾಕ್ಷನ್ ತೆರೆ. ಟೆಸ್ಟು ಏನು ಬೇಕಾದರೂ ಸೇರಿಸಲಿ, ಅಳಿಸಲಿ. ಮುಗಿದ ಮೇಲೆ ಕಮಿಟ್ ಮಾಡಬೇಡ, ರೋಲ್‌ಬ್ಯಾಕ್ ಮಾಡು. ಏನೂ ಆಗಲೇ ಇಲ್ಲ! ಖಾಯಂ ಅಂತ ಯಾರಿಗೂ ಮಾತು ಕೊಟ್ಟಿಲ್ಲವಾದ್ದರಿಂದ ಡಿಸ್ಕಿಗಾಗಿ ಕಾಯುವುದೂ ಇಲ್ಲ, ಟೇಬಲ್ ತೊಳೆಯುವುದೂ ಇಲ್ಲ. ಸ್ಲೇಟಿನ ಮೇಲೆ ಬರೆಯುವ ಬದಲು ಗಾಳಿಯಲ್ಲಿ ಬೆರಳಾಡಿಸಿ ಬರೆದಂತೆ. ರೂಬಿ ಆನ್ ರೈಲ್ಸ್‌ನವರು 2005ರಲ್ಲೇ, 1.0 ಆವೃತ್ತಿ ಬರುವ ಹೊತ್ತಿಗೆ, ಇದನ್ನು ಅಳವಡಿಸಿಕೊಂಡಿದ್ದರು. ಜಾವಾದ ಸ್ಪ್ರಿಂಗ್‌ನವರೂ ಈ ಉಪಾಯ ಬಲ್ಲವರೇ.

ಜಾಂಗೊಗೆ ಬಂದದ್ದು ತಡವಾಗಿ. 2009ರ ಜನವರಿಯಲ್ಲಿ ಕೆರೆನ್ ಟ್ರೇಸಿ ಈ ಬದಲಾವಣೆಯನ್ನು ಮೂಲ ಕೋಡಿಗೆ ಸೇರಿಸಿದರು (ಮರುವರ್ಷ ಅವರದ್ದೇ ಜಾಂಗೊ ಟೆಸ್ಟಿಂಗ್ ಪುಸ್ತಕವೂ ಬಂತು). ಜುಲೈನಲ್ಲಿ 1.1 ಬಿಡುಗಡೆಯಾದಾಗ ಅದರ ಟಿಪ್ಪಣಿಯಲ್ಲಿ ಟೆಸ್ಟುಗಳು ಎಷ್ಟೋ ಕಡೆ ಹತ್ತು ಪಟ್ಟು ವೇಗವಾಗಿ ಓಡುತ್ತವೆ ಅಂತ ಘೋಷಿಸಿದ್ದರು. ಬಳಸುವವರಲ್ಲಿ ಹೆಚ್ಚಿನವರು ತಮ್ಮ ಕೋಡಿನಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ. ಹಬ್ಬದ ಊಟ!

ಎಲ್ಲರಿಗೂ ಸಿಗಲಿಲ್ಲ ಅನ್ನುವುದೂ ಹೇಳಬೇಕು. ಆಗ ಮೈಎಸ್‌ಕ್ಯೂಎಲ್ ಹಾಕಿಕೊಂಡರೆ ತಾನಾಗಿ ಬರುತ್ತಿದ್ದದ್ದು ಮೈಐಸ್ಯಾಮ್ ಎಂಬ ಟೇಬಲ್ ಬಗೆ. ಅದಕ್ಕೆ ಟ್ರಾನ್ಸಾಕ್ಷನ್ ಅಂದರೆ ಏನಂತಲೇ ಗೊತ್ತಿಲ್ಲ. ಅಂಥವರು ಹಳೆಯ ಫ್ಲಶ್ಶನ್ನೇ ನಂಬಿಕೊಂಡಿರಬೇಕಾಯಿತು. 2010ರ ಕೊನೆಗೆ ಮೈಎಸ್‌ಕ್ಯೂಎಲ್ 5.5 ಬಂದು, ಟ್ರಾನ್ಸಾಕ್ಷನ್ ಬಲ್ಲ ಇನ್ನೊಡಿಬಿ ತಾನಾಗಿ ಬರುವಂತಾದ ಮೇಲೆ ಆ ತೊಡಕು ಕಡಿಮೆಯಾಯಿತು.

ನನಗೆ ಕುತೂಹಲ ಇರುವುದು ಈ ಹತ್ತು ಪಟ್ಟಿನ ಆಮೇಲಿನ ಕಥೆಯಲ್ಲಿ. ಈ ವೇಗ ಪುಕ್ಕಟೆ ಬರಲಿಲ್ಲ, ಸಾಲವಾಗಿ ಬಂತು. ಕಂತು ಕಟ್ಟುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು.

1.1ರ ಒಳಗೆ ಇಣುಕಿ ನೋಡಿದರೆ ಗೊತ್ತಾಗುತ್ತದೆ. ಟೆಸ್ಟ್ ಓಡುತ್ತಿರುವಾಗ ನಿಮ್ಮ ಕೋಡು ನಡುವೆ ಕಮಿಟ್ ಅಂದುಬಿಟ್ಟರೆ ಉಪಾಯ ಕೆಡುತ್ತದಲ್ಲ? ಅದಕ್ಕೆ ಟೆಸ್ಟ್ ಮುಗಿಯುವ ತನಕ ಕಮಿಟ್, ರೋಲ್‌ಬ್ಯಾಕ್ ಎಂಬ ಫಂಕ್ಷನ್‌ಗಳನ್ನೇ ಕಿತ್ತು ಆ ಜಾಗದಲ್ಲಿ ಏನೂ ಮಾಡದ ಡಮ್ಮಿಗಳನ್ನು ಕೂರಿಸುತ್ತಿದ್ದರು. ನಾಟಕದ ಬಂದೂಕಿನ ಹಾಗೆ. ಅಂದರೆ ಟ್ರಾನ್ಸಾಕ್ಷನ್ ಬಗ್ಗೆಯೇ ನಿಮ್ಮ ಕೋಡಿನಲ್ಲಿ ತಪ್ಪಿದ್ದರೆ ಈ ಟೆಸ್ಟಿನಲ್ಲಿ ಅದು ಕಾಣುವ ಹಾಗೇ ಇಲ್ಲ. 2013ರ 1.6ರಲ್ಲಿ ಒಂದು ಗಂಟಿನೊಳಗೆ ಇನ್ನೊಂದು ಗಂಟು ಕಟ್ಟುವ ‘ಅಟಾಮಿಕ್’ ಬಂದು ಈ ನಾಟಕ ಸ್ವಲ್ಪ ಮರ್ಯಾದೆಗೆ ಬಂತು. ಒಳಗಿನ ಗಂಟಿಗೆ ಸೇವ್‌ಪಾಯಿಂಟ್ ಬಳಸುತ್ತಾರೆ. ಅದೂ ಸಿಸ್ಟಂ ಆರ್ ಕಾಲದ ಕಲ್ಪನೆಯೇ.

ಸಣ್ಣ ಕಂತೊಂದು: ಪೋಸ್ಟ್‌ಗ್ರೆಸ್‌ನಲ್ಲಿ ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್ ರೋಲ್‌ಬ್ಯಾಕ್‌ಗೆ ಬಗ್ಗುವುದಿಲ್ಲ. ಬ್ಯಾಂಕಿನ ಟೋಕನ್ ಯಂತ್ರದ ಹಾಗೆ. ನೀವು ಟೋಕನ್ ಹರಿದು ಬಿಸಾಕಿದರೂ ಮುಂದಿನವರಿಗೆ ಮುಂದಿನ ನಂಬರೇ. ‘ಮೊದಲು ಸೇರಿಸಿದ ಲೇಖನದ ಸಂಖ್ಯೆ 1’ ಅಂತ ನಂಬಿ ಬರೆದಿದ್ದ ಟೆಸ್ಟುಗಳೆಲ್ಲ ಒಂಟಿಯಾಗಿ ಓಡಿಸಿದರೆ ಪಾಸು, ಗುಂಪಿನಲ್ಲಿ ಓಡಿಸಿದರೆ ಫೇಲು.

ಇದಕ್ಕಿಂತ ಗಂಭೀರವಾದದ್ದು ಬೇರೆ. ಕೆಲವು ಕಟ್ಟಳೆಗಳನ್ನು ಡೇಟಾಬೇಸ್ ಕಮಿಟ್ ಹೊತ್ತಿನಲ್ಲಿ ಮಾತ್ರ ಪರಿಶೀಲಿಸುತ್ತದೆ. ‘ಈ ಬಿಲ್ಲಿನ ಗಿರಾಕಿ ನಿಜವಾಗಿ ಇದ್ದಾನಾ’ ಅನ್ನುವಂಥದ್ದು. ಜಾಂಗೊ ಪೋಸ್ಟ್‌ಗ್ರೆಸ್‌ನಲ್ಲಿ ತನ್ನ ಸಂಬಂಧಗಳನ್ನು ಹಾಗೆಯೇ ಬರೆಯುತ್ತದೆ. ಕಮಿಟ್ಟೇ ಆಗದ ಟೆಸ್ಟಿನಲ್ಲಿ ಪರಿಶೀಲನೆ ಯಾವಾಗ? ಆಗುವುದೇ ಇಲ್ಲ. ಇಲ್ಲದ ಗಿರಾಕಿಯ ಹೆಸರಿಗೆ ಬಿಲ್ಲು ಬರೆದರೂ ಟೆಸ್ಟು ಹಸಿರು. 2016ರ 1.10 ಆವೃತ್ತಿಯವರೆಗೂ ಹೀಗೇ ಇತ್ತು. ಆಮೇಲೆ ಪ್ರತಿ ಟೆಸ್ಟಿನ ಕೊನೆಗೆ, ರೋಲ್‌ಬ್ಯಾಕ್‌ಗೆ ಮುಂಚೆ, ಆ ಪರಿಶೀಲನೆಯನ್ನು ಬಲವಂತವಾಗಿ ಮಾಡಿಸತೊಡಗಿದರು.

ಇನ್ನೊಂದು ಇಂದಿಗೂ ಹಾಗೇ ಇದೆ. ಒಂದೇ ಸೀಟನ್ನು ಇಬ್ಬರು ಒಟ್ಟಿಗೆ ಕಾದಿರಿಸದ ಹಾಗೆ ಸಾಲಿಗೆ ಬೀಗ ಹಾಕುವ ಕ್ವೆರಿ ಇದೆ, ಸೆಲೆಕ್ಟ್ ಫಾರ್ ಅಪ್‌ಡೇಟ್ ಅಂತ. ಅದನ್ನು ಟ್ರಾನ್ಸಾಕ್ಷನ್ ಒಳಗೇ ಕೇಳಬೇಕು. ಹೊರಗೆ ಕೇಳಿದರೆ ಜಾಂಗೊ ತಕರಾರು ಎತ್ತುತ್ತದೆ. ನೀವು ಟ್ರಾನ್ಸಾಕ್ಷನ್ ತೆರೆಯುವುದನ್ನು ಮರೆತಿದ್ದೀರಿ ಅನ್ನಿ. ಗಿರಾಕಿಯ ಮುಂದೆ ಅದು ಬೀಳುತ್ತದೆ. ಟೆಸ್ಟಿನಲ್ಲಿ ಬೀಳುವುದಿಲ್ಲ, ಏಕೆಂದರೆ ಟೆಸ್ಟೇ ಮುಂಚಿತವಾಗಿ ನಿಮ್ಮ ಸುತ್ತ ಒಂದು ಟ್ರಾನ್ಸಾಕ್ಷನ್ ಸುತ್ತಿಟ್ಟಿದೆ! ಯಾವ ತಪ್ಪನ್ನು ಹಿಡಿಯಬೇಕಿತ್ತೋ ಅದನ್ನೇ ಟೆಸ್ಟು ತನ್ನ ಸೆರಗಿನಲ್ಲಿ ಮುಚ್ಚಿಡುತ್ತದೆ. ಜಾಂಗೊ ದಾಖಲೆಯಲ್ಲಿ ಇದರ ಬಗ್ಗೆ ಎಚ್ಚರಿಕೆ ಬರೆದಿದ್ದಾರೆ.

ವೇಗದ ಇನ್ನೊಂದು ಆಸೆ, ಡೇಟಾಬೇಸನ್ನೇ ಬದಲಿಸಿಬಿಡುವುದು. ಎಸ್‌ಕ್ಯೂಲೈಟ್ ಬಗ್ಗೆ ಆಗಲೇ ಹೇಳಿದೆನಲ್ಲ, 2000ದಲ್ಲಿ ರಿಚರ್ಡ್ ಹಿಪ್ ಬರೆದದ್ದು. ಅದರಲ್ಲಿ ಡಿಸ್ಕು ಬೇಡವೇ ಬೇಡ, ನೆನಪಿನಲ್ಲೇ, ಅಂದರೆ ರ್‍ಯಾಮ್‌ನಲ್ಲೇ ಡೇಟಾಬೇಸ್ ಇಟ್ಟುಕೊಳ್ಳಬಹುದು. ತಿರುಗುವ ತಟ್ಟೆಯೇ ಇಲ್ಲದ ಮೇಲೆ ಕಾಯುವುದೆಲ್ಲಿ? ಜಾಂಗೊದ ಸ್ವಂತ ಟೆಸ್ಟುಗಳನ್ನು ನಿಮ್ಮ ಗಣಕದಲ್ಲಿ ಓಡಿಸಿದರೆ ಸುಮ್ಮನೆ ಸಿಗುವ ಏರ್ಪಾಟು ಇದೇ. ಅವರ ಸರ್ವರುಗಳಲ್ಲಿ ಮಾತ್ರ ಬೇರೆ ಡೇಟಾಬೇಸುಗಳ ಮೇಲೂ ಓಡಿಸುತ್ತಾರೆ. ಲೈಬ್ರರಿ ಬರೆಯುವವರಿಗೆ ಅದು ಸರಿ. ಆದರೆ ಎಷ್ಟೋ ಜನ ಟೆಸ್ಟಿಗೆ ಎಸ್‌ಕ್ಯೂಲೈಟ್, ನಿಜವಾದ ತಾಣಕ್ಕೆ ಪೋಸ್ಟ್‌ಗ್ರೆಸ್ ಅಂತ ಇಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಹತ್ತು ಅಕ್ಷರ ಮಾತ್ರ ಹಿಡಿಸಬೇಕಾದ ಕಡೆ ಎಸ್‌ಕ್ಯೂಲೈಟ್ ಇಪ್ಪತ್ತನ್ನೂ ಚಕಾರವಿಲ್ಲದೆ ತೆಗೆದುಕೊಳ್ಳುತ್ತದೆ. ಟೇಬಲ್‌ಗಳ ನಡುವಿನ ಸಂಬಂಧ ಸರಿಯಿದೆಯಾ ಅಂತ ನೀವು ಹೇಳದ ಹೊರತು ನೋಡುವುದಿಲ್ಲ. ಜಾಂಗೊ ಅದನ್ನು ನೋಡು ಅಂತ ಹೇಳತೊಡಗಿದ್ದು 2017ರ ಡಿಸೆಂಬರ್‌ನಲ್ಲಿ, 2.0 ಬಂದಾಗ.

ಈಗ ನಮ್ಮ ‘ಳ’ ವಿಷಯ. ಎಸ್‌ಕ್ಯೂಲೈಟಿಗೆ ಪದಗಳನ್ನು ಅಕಾರಾದಿಯಾಗಿ ಜೋಡಿಸು ಅಂದರೆ ಅದು ಯೂನಿಕೋಡ್ ಸಂಖ್ಯೆಗಳ ಕ್ರಮದಲ್ಲಿ ಜೋಡಿಸುತ್ತದೆ, ಅಷ್ಟೇ ಅದಕ್ಕೆ ಗೊತ್ತು. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳು ಕೂತಿರುವುದು ನಮ್ಮ ವರ್ಣಮಾಲೆಯ ಪ್ರಕಾರ ಅಲ್ಲ, ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಕೂರಿಸಿದ ಇಸ್ಕೀ ಪ್ರಕಾರ. ಅಲ್ಲಿ ‘ಲ’ ಆದ ತಕ್ಷಣ ‘ಳ’, ಆಮೇಲೆ ‘ವ’. ನಮಗೋ ‘ಳ’ ಬರುವುದು ‘ಹ’ ಆದ ಮೇಲೆ, ಕಟ್ಟಕಡೆಗೆ. ಹಾಗಾಗಿ ಎಸ್‌ಕ್ಯೂಲೈಟ್ ಪಟ್ಟಿಯಲ್ಲಿ ಬಳ್ಳಾರಿ ಮುಂದೆ, ಬಸವನಗುಡಿ ಹಿಂದೆ. ನಿಘಂಟಿನ ಕ್ರಮದಲ್ಲಿ ಬಸವನಗುಡಿ ಮುಂದೆ, ಬಳ್ಳಾರಿ ಹಿಂದೆ. ಕನ್ನಡದ ಕ್ರಮ ತಿಳಿದ ಕೊಲೇಷನ್ ಹಾಕಿದ ಪೋಸ್ಟ್‌ಗ್ರೆಸ್ ಎರಡನೆಯದನ್ನು ಕೊಡುತ್ತದೆ. ಅಂದರೆ ಊರುಗಳ ಪಟ್ಟಿಯ ಒಂದು ಟೆಸ್ಟನ್ನು ವೇಗದ ಉಗ್ರಾಣದಲ್ಲಿ ಪಾಸು ಮಾಡಿಸಬೇಕಾದರೆ ತಪ್ಪು ಉತ್ತರವನ್ನೇ ಸರಿ ಅಂತ ಬರೆದಿಡಬೇಕು! ಇಂಗ್ಲಿಷಿನವರಿಗೆ ಇಂಥದ್ದೇ ಕಾಟ ದೊಡ್ಡಕ್ಷರ, ಸಣ್ಣಕ್ಷರದ್ದು. ನಮಗೆ ಅವೆರಡೂ ಇಲ್ಲ, ಅಷ್ಟರ ಮಟ್ಟಿಗೆ ಬಚಾವ್.

ಒರೆಸುವುದಕ್ಕೆ ಸಂಬಂಧವೇ ಇಲ್ಲದ ಒಂದು ನಿಧಾನವೂ ಇತ್ತು. ಹೇಳದೆ ಹೋದರೆ ಮನಸ್ಸು ಒಪ್ಪುವುದಿಲ್ಲ. 2012ರ ಮಾರ್ಚ್‌ನಲ್ಲಿ 1.4 ಬಂದಾಗ ಪಾಸ್‌ವರ್ಡ್ ಬಚ್ಚಿಡುವ ಹೊಸ ವಿಧಾನ ಬಂತು. ಕಳ್ಳರು ಊಹಿಸಿ ಊಹಿಸಿ ಪ್ರಯತ್ನಿಸದಿರಲಿ ಅಂತ ಬೇಕೆಂದೇ ನಿಧಾನ ಮಾಡಿದ್ದು. ಒಂದು ಪಾಸ್‌ವರ್ಡಿಗೆ 10,000 ಸಲ ಅರೆಯುತ್ತದೆ. 2025ರ 5.2 ಆವೃತ್ತಿಯಲ್ಲಿ ಆ ಸಂಖ್ಯೆ 10,00,000ಕ್ಕೆ ಮುಟ್ಟಿದೆ. ಟೆಸ್ಟುಗಳಲ್ಲಿ ನೂರಾರು ಸಲ ‘ಒಬ್ಬ ಬಳಕೆದಾರನನ್ನು ಸೃಷ್ಟಿಸು’ ಅಂತ ಇರುತ್ತದೆ. ಒಂದೊಂದಕ್ಕೂ ಅಷ್ಟು ಅರೆತ! ಜನ ಡೇಟಾಬೇಸನ್ನು ಬೈಯುತ್ತಿದ್ದರು, ಹೊತ್ತು ತಿನ್ನುತ್ತಿದ್ದದ್ದು ಈ ಒರಳು. ಟೆಸ್ಟಿಗೆ ಮಾತ್ರ ಹಳೆಯ, ದುರ್ಬಲವಾದ, ಚುರುಕಾದ ಎಂಡಿ5 ಹಾಕಿಕೊಳ್ಳಿ ಅಂತ ಜಾಂಗೊ ದಾಖಲೆಯೇ ಹೇಳುತ್ತದೆ. ಒಂದು ಸಾಲಿನ ಬದಲಾವಣೆ. ಇಡೀ ಇತಿಹಾಸದಲ್ಲಿ ಇಷ್ಟು ಅಗ್ಗದ ಲಾಭ ಇನ್ನೊಂದಿಲ್ಲ.

2015ರ ಏಪ್ರಿಲ್‌ನಲ್ಲಿ 1.8 ಬಂತು. ಒಂದು ಗುಂಪಿನ ಹತ್ತು ಟೆಸ್ಟುಗಳಿಗೂ ಅದೇ ನಾಲ್ಕು ಸಾಮಾನು ಬೇಕಾಗಿದ್ದರೆ ಹತ್ತು ಸಲ ಇಡುವುದೇಕೆ? ಗುಂಪಿಗೊಂದು ಹೊರಗಿನ ಗಂಟು, ಟೆಸ್ಟಿಗೊಂದು ಒಳಗಿನ ಗಂಟು. ಸಾಮಾನು ಒಂದೇ ಸಲ ಇಡು, ಒಳಗಿನದನ್ನು ಮಾತ್ರ ಬಿಚ್ಚು. ಅದೇ ಸೆಟಪ್‌ಟೆಸ್ಟ್‌ಡೇಟಾ. ಇದಕ್ಕೂ ಬಡ್ಡಿ ಇತ್ತು. ರೋಲ್‌ಬ್ಯಾಕ್ ಹಿಂದಕ್ಕೆ ಒಯ್ಯುವುದು ಡೇಟಾಬೇಸನ್ನು ಮಾತ್ರ, ಪೈಥಾನ್‌ನ ನೆನಪಿನಲ್ಲಿರುವ ಪ್ರತಿಯನ್ನಲ್ಲ. ಒಂದು ಟೆಸ್ಟು ‘ರಾಮ’ನ ಹೆಸರನ್ನು ‘ಭೀಮ’ ಅಂತ ನೆನಪಿನಲ್ಲಿ ತಿದ್ದಿದರೆ ಮುಂದಿನ ಟೆಸ್ಟಿಗೂ ಅವನು ಭೀಮನೇ. 2021ರ ಏಪ್ರಿಲ್‌ನಲ್ಲಿ ಬಂದ 3.2ರಲ್ಲಿ ಪ್ರತಿ ಟೆಸ್ಟಿಗೂ ಬೇರೆ ಪ್ರತಿ ಕೊಟ್ಟು ಅದನ್ನು ಸರಿಪಡಿಸಿದರು.

1.8 ಬಂದ ವರ್ಷವೇ ಡಿಸೆಂಬರ್‌ನಲ್ಲಿ 1.9. ಏಮರಿಕ್ ಒಗುಸ್ತ್ಯಾಂ ಎಂಬ ಫ್ರೆಂಚ್ ಮಹಾಶಯರು ಟೆಸ್ಟುಗಳನ್ನು ಏಕಕಾಲಕ್ಕೆ ಹಲವು ಸಾಲಿನಲ್ಲಿ ಓಡಿಸುವ ವ್ಯವಸ್ಥೆ ತಂದರು. ಅಷ್ಟು ಹೊತ್ತಿಗೆ ಎಲ್ಲರ ಗಣಕದಲ್ಲೂ ನಾಲ್ಕೋ ಎಂಟೋ ಕೋರ್‌ಗಳು ಸುಮ್ಮನೆ ಕೂತಿದ್ದವು. ಒಂದೇ ಸ್ಲೇಟಿಗೆ ಎಂಟು ಮಕ್ಕಳು ಕಿತ್ತಾಡದಿರಲಿ ಅಂತ ಡೇಟಾಬೇಸಿನ ಎಂಟು ನಕಲು ತೆಗೆದು ಒಂದೊಂದು ಕೊಟ್ಟರು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಡೇಟಾಬೇಸನ್ನು ಅಚ್ಚಾಗಿಟ್ಟು ಇನ್ನೊಂದು ತೆಗೆಯುವ ಸೌಲಭ್ಯ ಮೊದಲೇ ಇತ್ತು, ಹಾಗಾಗಿ ಅಲ್ಲಿ ಸುಲಭವಾಯಿತು. ರೈಲ್ಸ್‌ಗೆ ಇದು ಬಂದದ್ದು 2019ರ 6.0ರಲ್ಲಿ. ವೇಗದ ಪೈಪೋಟಿಯಲ್ಲಿ ಈ ಸಲ ಜಾಂಗೊ ಮುಂದೆ :-)

ಅದೇ 1.9ರಲ್ಲಿ ಕಾರ್ಲ್ ಮೇಯರ್ ಮೊದಲು ಹೊರಗೆ ಬೆಳೆಸಿದ್ದ ಒಂದು ಸೌಲಭ್ಯವೂ ಒಳಗೆ ಬಂತು: ‘ಕಮಿಟ್ ಆದ ಮೇಲೆ ಇದನ್ನು ಮಾಡು’ ಅಂತ ಹೇಳಿಡುವುದು. ಆರ್ಡರ್ ಖಾಯಂ ಆದ ಮೇಲೆ ಮಾತ್ರ ಗಿರಾಕಿಗೆ ಇ-ಮೇಲ್ ಹೋಗಲಿ ಅನ್ನುವಂಥ ಕೆಲಸಕ್ಕೆ. ಎಷ್ಟು ಉಪಯೋಗ ಅಂತ ಎಲ್ಲರೂ ಬಳಸತೊಡಗಿದರು. ಟೆಸ್ಟಿನಲ್ಲಿ? ಕಮಿಟ್ ಇಲ್ಲ, ಹಾಗಾಗಿ ಇ-ಮೇಲೂ ಇಲ್ಲ. ಆ ಕೋಡು ಒಂದು ಸಲವೂ ಓಡುವುದೇ ಇಲ್ಲ. ಪರೀಕ್ಷಿಸಲೇಬೇಕು ಅಂದವರು ಮತ್ತೆ ಹಳೆಯ ಫ್ಲಶ್ ಪದ್ಧತಿಗೆ ಹೋಗಿ ನಿಧಾನವನ್ನು ಸಹಿಸಿಕೊಳ್ಳಬೇಕಿತ್ತು, ಇಲ್ಲವೇ ತಮ್ಮದೇ ಏನಾದರೂ ತೇಪೆ ಹಾಕಿಕೊಳ್ಳಬೇಕಿತ್ತು. ಐದೂಕಾಲು ವರ್ಷ ಹೀಗೆ ಕಳೆಯಿತು. 3.2ರಲ್ಲಿ, ಆ ರಾಮ-ಭೀಮರ ಗೊಂದಲ ಸರಿಯಾದ ಆವೃತ್ತಿಯಲ್ಲೇ, ಕಾದು ಕೂತ ಆ ಕೆಲಸಗಳನ್ನು ಹಿಡಿದು ಟೆಸ್ಟಿನೊಳಗೇ ಓಡಿಸುವ ಉಪಕರಣ ಬಂತು.

ಹಳೆಯ ಫ್ಲಶ್ ಇನ್ನೂ ಸತ್ತಿಲ್ಲ. ಟ್ರಾನ್ಸಾಕ್ಷನ್‌ಟೆಸ್ಟ್‌ಕೇಸ್ ಎಂಬ ಹೆಸರಿನಲ್ಲಿ ಬದುಕಿದೆ. ನಿಜವಾದ ಕಮಿಟ್ ಬೇಕಾದವರು, ಬೀಗದ ಕ್ವೆರಿ ನೆಟ್ಟಗಿದೆಯಾ ಅಂತ ನೋಡಬೇಕಾದವರು ಅದನ್ನೇ ಹಿಡಿಯಬೇಕು. ಜಾಂಗೊ ಟೆಸ್ಟುಗಳನ್ನು ಓಡಿಸುವಾಗ ರೋಲ್‌ಬ್ಯಾಕ್ ಮಾಡುವ ಚುರುಕಿನವರನ್ನು ಮೊದಲು ಬಿಡುತ್ತದೆ. ಅವರು ಸರಸರ ಮುಗಿದ ಮೇಲೆ ಇವರ ಸರದಿ. ಒಂದೊಂದು ಟೆಸ್ಟಿಗೂ ಎಲ್ಲ ಟೇಬಲ್ ಖಾಲಿ ಮಾಡುತ್ತಾ, 2007ರಲ್ಲಿ ಮಾಡುತ್ತಿದ್ದ ಹಾಗೆಯೇ.